ಬಿಸಿಲು ಸೀಮೆಯ ಮನೆಗೆ ಶಿಂಗಲ್ಸ್ ಬಣ್ಣ ಆರಿಸುವ ಮುನ್ನ

ಮನೆಯ ಮಾಡಿನ ಹಳೆಯ ಶಿಂಗಲ್ಸ್ (ಇಳಿಜಾರು ಮಾಡಿಗೆ ಹೆಂಚಿನಂತೆ ಒಂದರ ಮೇಲೊಂದು ಹೊದಿಸುವ ಡಾಂಬರಿನ ತೆಳು ಬಿಲ್ಲೆಗಳು) ತೆಗೆದು ಹೊಸದನ್ನು ಹೊದಿಸಬೇಕಾದಾಗ ಗುತ್ತಿಗೆದಾರರು ಮೊದಲು ತಂದು ತೋರಿಸುವುದು ಬಣ್ಣದ ಮಾದರಿಗಳ ಹಲಗೆಯನ್ನು. ನನಗೂ ಅಂಥದ್ದೇ ಹಲಗೆ ಬಂತು. ಬೂದಿ, ಕಂದು, ಇದ್ದಿಲು ಕಪ್ಪು, ಮರಳು, ಮಾಸಲು ಬಿಳಿ ಎಂದು ಅದರಲ್ಲಿ ಹತ್ತಾರು ತುಂಡುಗಳಿದ್ದವು, ಪ್ರತಿಯೊಂದಕ್ಕೂ ಚೆಂದದ ಹೆಸರಿತ್ತು. ಆದರೆ ಯಾವ ತುಂಡು ಬಿಸಿಲಿಗೆ ಎಷ್ಟು ಕಾಯುತ್ತದೆ ಎಂದು ತಿಳಿಸುವ ಒಂದು ಅಂಕಿಯೂ ಎಲ್ಲೂ ಇರಲಿಲ್ಲ. ವರ್ಷದ ಬಹುಪಾಲು ತಿಂಗಳು ಬಿಸಿಲು ಸುಡುವ ಕಡೆ ಬದುಕುವವರಿಗೆ ಇದು ಸಣ್ಣ ಕೊರತೆಯಲ್ಲ. ಗೋಡೆಯ ಬಣ್ಣ ಹಿಡಿಸದಿದ್ದರೆ ಮುಂದಿನ ವರ್ಷ ಬದಲಾಯಿಸಬಹುದು. ಶಿಂಗಲ್ಸ್ ಹಾಗಲ್ಲ, ಒಮ್ಮೆ ಹೊದಿಸಿದರೆ ಒಂದೆರಡು ದಶಕ ತಲೆಯ ಮೇಲೆಯೇ ಇರುತ್ತದೆ, ಅಷ್ಟೂ ಬೇಸಿಗೆಗಳಲ್ಲಿ ಮನೆಯೊಳಗಿನ ಸೆಕೆಯಲ್ಲಿ ಅದರ ಪಾಲಿರುತ್ತದೆ. ಹಾಗಾಗಿ ತೀರ್ಮಾನಕ್ಕೆ ಬರುವ ಮೊದಲು ನಾನು ಬಣ್ಣಕ್ಕೂ ಶಾಖಕ್ಕೂ ಇರುವ ಸಂಬಂಧವನ್ನು ಸಾಧ್ಯವಾದಷ್ಟು ಸರಿಯಾಗಿ ತಿಳಿದುಕೊಳ್ಳಲು ಕುಳಿತೆ. ತಿಳಿದದ್ದನ್ನು, ಇದೇ ಆಯ್ಕೆಯ ಮುಂದೆ ನಿಂತಿರುವವರಿಗೆ ನೆರವಾಗಲೆಂದು, ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಬಿಸಿಲಿನ ಲೆಕ್ಕ. ಮೋಡವಿಲ್ಲದ ನಡುಹಗಲಿನಲ್ಲಿ ಸೂರ್ಯನಿಗೆ ನೇರವಾಗಿ ಮುಖಮಾಡಿದ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವ್ಯಾಟ್ ಶಕ್ತಿ ಬೀಳುತ್ತದೆ. ಮಾಡು ಅದರಲ್ಲಿ ಒಂದು ಪಾಲನ್ನು ಹಾಗೆಯೇ ಆಕಾಶಕ್ಕೆ ಹಿಂದಿರುಗಿಸಿ, ಉಳಿದದ್ದನ್ನು ಹೀರಿಕೊಂಡು ಕಾಯುತ್ತದೆ. ಹೀಗೆ ಹೀರಿದ ಶಾಖಕ್ಕೆ ಮೂರು ದಾರಿಗಳಿವೆ. ಮೇಲೆ ಸುಳಿಯುವ ಗಾಳಿ ಒಂದಿಷ್ಟನ್ನು ಒಯ್ಯುತ್ತದೆ, ಒಂದಿಷ್ಟು ಕಣ್ಣಿಗೆ ಕಾಣದ ವಿಕಿರಣವಾಗಿ ಬಾನಿಗೆ ಮರಳುತ್ತದೆ, ಮಿಕ್ಕಿದ್ದು ಶಿಂಗಲ್ಸ್ ಕೆಳಗಿನ ಹಲಗೆಯನ್ನು ದಾಟಿ ಅಟ್ಟಕ್ಕೆ, ಅಟ್ಟದಿಂದ ಕೋಣೆಯ ಒಳಚಾವಣಿಗೆ, ಅಲ್ಲಿಂದ ನಾವು ಕೂರುವ ಮಲಗುವ ಜಾಗಕ್ಕೆ ಇಳಿಯುತ್ತದೆ. ಗಾಳಿಯಾಡದ ಬೇಸಿಗೆಯ ಮಧ್ಯಾಹ್ನದಲ್ಲಿ ಕಡುಬಣ್ಣದ ಸಾಮಾನ್ಯ ಮಾಡಿನ ಮೇಲ್ಮೈ 65 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವೇನಲ್ಲ. ಸುತ್ತಲಿನ ಗಾಳಿಯ ಉಷ್ಣತೆ ನಲವತ್ತರ ಒಳಗೇ ಇದ್ದರೂ ಮಾಡು ಅದಕ್ಕಿಂತ ಇಷ್ಟೊಂದು ಮೇಲಕ್ಕೆ ಏರುವುದು ಅದು ನುಂಗಿದ ಬಿಸಿಲಿನಿಂದ. ಆ ನುಂಗುವಿಕೆಯನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದೇ ಬಣ್ಣದ ಪ್ರಶ್ನೆ.

ಇಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ನಾವು ಬಣ್ಣವೆಂದು ನೋಡುವುದು ಬಿಸಿಲಿನ ಅರ್ಧಕ್ಕಿಂತಲೂ ಕಡಿಮೆ ಪಾಲನ್ನು ಮಾತ್ರ. ನೆಲವನ್ನು ತಲುಪುವ ಸೌರಶಕ್ತಿಯಲ್ಲಿ ಸರಿಸುಮಾರು ಶೇಕಡ 5ರಷ್ಟು ಅತಿನೇರಳೆ ಕಿರಣಗಳು, ಶೇಕಡ 43ರಷ್ಟು ಕಣ್ಣಿಗೆ ಕಾಣುವ ಬೆಳಕು, ಉಳಿದ ಶೇಕಡ 52ರಷ್ಟು ಕಣ್ಣಿಗೆ ಕಾಣದ, ಕೆಂಪಿನಾಚೆಗಿನ ಅವಗೆಂಪು ಕಿರಣಗಳು. ಒಂದು ಶಿಂಗಲ್ ಕಂದಾಗಿ ಕಾಣುತ್ತದೆ ಎಂದರೆ ಕಾಣುವ ಬೆಳಕಿನ ಮಟ್ಟಿಗೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದಷ್ಟೇ ನಮಗೆ ತಿಳಿಯಿತು; ಅವಗೆಂಪಿನ ಮಟ್ಟಿಗೆ ಅದು ಬಿಸಿಲನ್ನು ಹಿಂದಿರುಗಿಸುತ್ತದೆಯೋ ನುಂಗುತ್ತದೆಯೋ ಎಂಬುದು ನೋಟಕ್ಕೆ ನಿಲುಕುವುದಿಲ್ಲ. ಕಣ್ಣಿಗೆ ಅವಳಿಗಳಂತೆ ಕಾಣುವ ಎರಡು ಕಂದು ಶಿಂಗಲ್‌ಗಳಲ್ಲಿ ಒಂದು ಬಿಸಿಲಿನ ಹನ್ನೆರಡನೇ ಒಂದು ಪಾಲನ್ನು ಮಾತ್ರ ಹಿಂದಿರುಗಿಸಿ, ಇನ್ನೊಂದು ನಾಲ್ಕನೇ ಒಂದು ಪಾಲನ್ನು ಹಿಂದಿರುಗಿಸುವುದು ಸಾಧ್ಯ. ಬಣ್ಣದ ಹಲಗೆಯೊಂದನ್ನೇ ನೆಚ್ಚಿ ಆರಿಸುವುದು ಏಕೆ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇದರ ಹಿಂದಿನ ಕೆಲಸವನ್ನು ತಿಳಿಯಬೇಕಾದರೆ ಶಿಂಗಲ್‌ನ ಮೈಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಾಜಿನ ನಾರಿನ ತೆಳು ಚಾಪೆಗೆ ಡಾಂಬರು ಕುಡಿಸಿ, ಅದರ ಮೇಲೆ ಪುಡಿಮಾಡಿದ ಕಲ್ಲಿನ ಹರಳುಗಳನ್ನು ಒತ್ತಿ ಕೂರಿಸಿದರೆ ಅದು ಆಸ್ಫಾಲ್ಟ್ ಶಿಂಗಲ್. ಬಣ್ಣವಿರುವುದು ಡಾಂಬರಿನಲ್ಲಲ್ಲ, ಹರಳಿನ ಮೇಲಿನ ತೆಳುವಾದ ಪಿಂಗಾಣಿ ಲೇಪದಲ್ಲಿ. ವರ್ಣದ್ರವ್ಯ ಬೆರೆಸಿದ ಆ ಲೇಪವನ್ನು ಹೆಚ್ಚಿನ ಉಷ್ಣತೆಯಲ್ಲಿ ಸುಟ್ಟು ಹರಳಿಗೆ ಅಂಟಿಸಿರುತ್ತಾರೆ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಕೆಂಪು ಮತ್ತು ಕಂದಿಗೆ ಕಬ್ಬಿಣದ ಆಕ್ಸೈಡ್‌ಗಳು, ಕಪ್ಪಿಗೆ ಇಂಗಾಲದ ಮಸಿಯಂಥವು ಹಿಂದಿನಿಂದ ಬಳಕೆಯಲ್ಲಿವೆ. ಹರಳುಗಳ ಕೆಲಸ ಅಂದ ಕೊಡುವುದಷ್ಟೇ ಅಲ್ಲ. ಡಾಂಬರಿಗೆ ಅತಿನೇರಳೆ ಕಿರಣ ತಾಗದಂತೆ ತಡೆಯುವ ಕವಚವೂ ಅವೇ.

ಈ ರಚನೆಯಿಂದಲೇ ಒಂದು ನಿರಾಸೆಯೂ ಹುಟ್ಟುತ್ತದೆ. ಬಿಳಿ ಶಿಂಗಲ್ ಎಂದು ಮಾರುವುದನ್ನು ಹೊದಿಸಿದರೆ ಸುಣ್ಣ ಬಳಿದ ತಾರಸಿಯಷ್ಟು ತಂಪು ಸಿಗುತ್ತದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ನಯವಾದ ಬಿಳಿ ಹಾಳೆ ಅಥವಾ ಬಿಳಿ ಲೇಪದ ಚಾವಣಿ ಹೊಸದಿರುವಾಗ ಬಿಸಿಲಿನ ಶೇಕಡ 70ರಿಂದ 80ರಷ್ಟನ್ನು ಹಿಂದಿರುಗಿಸಿದರೆ, ಸಾಮಾನ್ಯ ಬಿಳಿ ಶಿಂಗಲ್ ಹಿಂದಿರುಗಿಸುವುದು ಸುಮಾರು ಶೇಕಡ 25ರಷ್ಟು ಮಾತ್ರ. ಹರಳುಗಳ ಒರಟು ಮೈಯಲ್ಲಿ ಬೆಳಕು ಒಂದರಿಂದ ಇನ್ನೊಂದಕ್ಕೆ ಬಡಿದು ಪ್ರತಿ ಬಡಿತದಲ್ಲೂ ಒಂದಿಷ್ಟು ನುಂಗಿಹೋಗುತ್ತದೆ, ತೆಳು ಲೇಪವನ್ನು ದಾಟಿದ ಬೆಳಕನ್ನು ಒಳಗಿನ ಕಡುಬಣ್ಣದ ಕಲ್ಲು ಹೀರುತ್ತದೆ, ಹರಳುಗಳ ನಡುವಿನ ಸಂದುಗಳಲ್ಲಿ ಕಪ್ಪು ಡಾಂಬರು ಇಣುಕುತ್ತದೆ. ಕಪ್ಪು ಶಿಂಗಲ್ ಹಿಂದಿರುಗಿಸುವುದು ಶೇಕಡ 5ರ ಆಸುಪಾಸು, ಕಡುಗಂದು ಶೇಕಡ 8ರಷ್ಟು. ಎಂದರೆ ಸಾಂಪ್ರದಾಯಿಕ ಶಿಂಗಲ್ಸ್‌ನ ಲೋಕದಲ್ಲಿ ಅತಿ ಕಪ್ಪಿನಿಂದ ಅತಿ ಬಿಳುಪಿನವರೆಗಿನ ಇಡೀ ಹರವು ಇಪ್ಪತ್ತೋ ಇಪ್ಪತ್ತೈದೋ ಅಂಕಗಳದ್ದು. ಈ ಮಾತು ತಿಳಿದ ಮೇಲೆ ಬಣ್ಣದ ಆಯ್ಕೆಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ನನಗೆ ಸ್ಪಷ್ಟವಾಯಿತು.

ಹಾಗೆಂದು ಈ ಇಪ್ಪತ್ತು ಅಂಕಗಳನ್ನು ಹಗುರವಾಗಿ ಕಾಣಬಾರದು. 1000 ವ್ಯಾಟ್ ಬೀಳುವಲ್ಲಿ ಶೇಕಡ 20 ಹೆಚ್ಚು ಹಿಂದಿರುಗಿತು ಎಂದರೆ ಪ್ರತಿ ಚದರ ಮೀಟರಿಗೆ 200 ವ್ಯಾಟ್ ಶಾಖ ಮಾಡಿನೊಳಕ್ಕೆ ಹೋಗಲೇ ಇಲ್ಲ ಎಂದರ್ಥ, ಮತ್ತು ಸಾಧಾರಣ ಗಾಳಿಯಿರುವ ನಡುಹಗಲಿನಲ್ಲಿ ಅದು ಮೇಲ್ಮೈಯ ಉಷ್ಣತೆಯಲ್ಲಿ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಇಳಿಕೆಗೆ ಸಮ. ಹತ್ತು ಡಿಗ್ರಿ ಎನ್ನುವುದು ಅಟ್ಟದೊಳಗೆ ಕಾಲಿಟ್ಟವರಿಗೆ ತಿಳಿಯುವಂಥ ವ್ಯತ್ಯಾಸ.

ಇನ್ನು, ಹಗುರ ಬಣ್ಣ ಬೇಡ ಎನ್ನುವವರಿಗೂ ಈಗ ಒಂದು ದಾರಿಯಿದೆ. ಕಾಣುವ ಬೆಳಕಿನಲ್ಲಿ ಕಡುಬಣ್ಣವಾಗಿ ಕಂಡರೂ ಅವಗೆಂಪು ಕಿರಣಗಳನ್ನು ಹಿಂದಕ್ಕೆ ಕಳಿಸುವ ವರ್ಣದ್ರವ್ಯಗಳಿವೆ. ಕ್ರೋಮಿಯಂ ಮತ್ತು ಕಬ್ಬಿಣದ ಮಿಶ್ರ ಆಕ್ಸೈಡ್‌ಗಳು ಅಂಥವು. ಇಂಗಾಲದ ಮಸಿ ಬಿಸಿಲಿನ ಎಲ್ಲ ಭಾಗವನ್ನೂ ಒಂದೇ ಸಮನೆ ನುಂಗಿದರೆ, ಇವು ಕಾಣುವ ಭಾಗವನ್ನು ನುಂಗಿ ಕಾಣದ ಭಾಗದಲ್ಲಿ ದೊಡ್ಡ ಪಾಲನ್ನು ಹಿಂದಿರುಗಿಸುತ್ತವೆ. ಇದರ ಲೆಕ್ಕವನ್ನು ಕಾಗದದ ಮೇಲೆ ಯಾರೂ ಹಾಕಿ ನೋಡಬಹುದು. ಕಾಣುವ ಬೆಳಕಿನ ಶೇಕಡ 5ನ್ನು ಮಾತ್ರ, ಅವಗೆಂಪಿನ ಶೇಕಡ 50ನ್ನು ಹಿಂದಿರುಗಿಸುವ ಒಂದು ಕಡುಗಂದು ಮೈಯನ್ನು ಊಹಿಸಿಕೊಳ್ಳಿ. 43ರ ಶೇಕಡ 5 ಎಂದರೆ ಎರಡಂಕ, 52ರ ಶೇಕಡ 50 ಎಂದರೆ ಇಪ್ಪತ್ತಾರು ಅಂಕ. ಕೂಡಿದರೆ ಒಟ್ಟು ಪ್ರತಿಫಲನ ಶೇಕಡ 28. ಎಂದರೆ ನೋಟಕ್ಕೆ ಕಡುಗಂದಾಗಿರುವ ಒಂದು ಶಿಂಗಲ್ ಹಳೆಯ ಬಗೆಯ ಬಿಳಿ ಶಿಂಗಲ್‌ಗೆ ಸಮನಾಗಿಯೋ ಅದಕ್ಕಿಂತ ತುಸು ಮೇಲಾಗಿಯೋ ನಿಲ್ಲಬಲ್ಲದು. ಮಾರುಕಟ್ಟೆಯಲ್ಲಿ ಇವನ್ನು ಕೂಲ್ ಶಿಂಗಲ್ಸ್ ಎನ್ನುತ್ತಾರೆ. ಇದೇ ತಂತ್ರವನ್ನು ಹಗುರ ಬಣ್ಣಕ್ಕೆ ಬಳಸಿದಾಗ ಪ್ರತಿಫಲನ ಇನ್ನೂ ಮೇಲೇರಿ ಶೇಕಡ 35, 40ರವರೆಗೂ ಹೋಗುತ್ತದೆ. ಕಳೆದ ಕೆಲವು ದಶಕಗಳಲ್ಲಿ ಮಾಡಿನ ವಸ್ತುಗಳಲ್ಲಿ ಆಗಿರುವ ಸುಧಾರಣೆಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು. ತಂಪಿಗಾಗಿ ಅಂದವನ್ನು ಬಿಟ್ಟುಕೊಡಬೇಕು ಎಂಬ ಹಳೆಯ ಕಟ್ಟುಪಾಡನ್ನು ಇದು ಬಹುಮಟ್ಟಿಗೆ ಸಡಿಲಿಸಿದೆ.

ಕಣ್ಣು ಹೇಳಲಾರದ್ದನ್ನು ಹೇಳುವುದು ಉತ್ಪನ್ನದ ಅಂಕಿಪಟ್ಟಿ. ಅದರಲ್ಲಿ ಮೂರು ಅಂಕಿಗಳನ್ನು ಹುಡುಕಬೇಕು. ಮೊದಲನೆಯದು ಸೌರ ಪ್ರತಿಫಲನ; ಸೊನ್ನೆಯಿಂದ ಒಂದರ ನಡುವಿನ ಸಂಖ್ಯೆ, 0.28 ಎಂದರೆ ಬಿಸಿಲಿನ ಶೇಕಡ 28 ಹಿಂದಿರುಗುತ್ತದೆ. ಎರಡನೆಯದು ಉಷ್ಣ ಹೊರಸೂಸುವಿಕೆ. ಕಾದ ಮೈ ತನ್ನ ಶಾಖವನ್ನು ವಿಕಿರಣವಾಗಿ ಎಷ್ಟು ಚೆನ್ನಾಗಿ ಬಿಟ್ಟುಕೊಡುತ್ತದೆ ಎಂಬುದರ ಅಳತೆ ಇದು. ಲೇಪವಿಲ್ಲದ ಹೊಳೆಯುವ ಲೋಹದಲ್ಲಿ ಇದು ಬಹಳ ಕಡಿಮೆ, ಅದರಿಂದಲೇ ಹೊಳೆಯುವ ತಗಡು ಬಿಸಿಲಿನ ಎಷ್ಟೋ ಪಾಲನ್ನು ಹಿಂದಿರುಗಿಸಿದರೂ ಕೈ ಇಡಲಾಗದಷ್ಟು ಕಾಯುತ್ತದೆ. ಆದರೆ ಆಸ್ಫಾಲ್ಟ್ ಶಿಂಗಲ್ಸ್‌ನಲ್ಲಿ ಬಣ್ಣ ಯಾವುದಿದ್ದರೂ ಇದು 0.9ರ ಹತ್ತಿರವೇ ಇರುವುದರಿಂದ ಶಿಂಗಲ್‌ಗಳನ್ನು ಒಂದಕ್ಕೊಂದು ಹೋಲಿಸುವಾಗ ಇದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಮೂರನೆಯದು ಈ ಎರಡನ್ನೂ ಕೂಡಿಸಿ ಮಾಡಿದ ಸೌರ ಪ್ರತಿಫಲನ ಸೂಚ್ಯಂಕ, ಎಸ್‌ಆರ್‌ಐ. ಪ್ರತಿಫಲನ 0.05 ಇರುವ ಪ್ರಮಾಣಿತ ಕಪ್ಪಿಗೆ ಸೊನ್ನೆ, 0.80 ಇರುವ ಪ್ರಮಾಣಿತ ಬಿಳಿಗೆ ನೂರು ಎಂದು ಇಟ್ಟು, ಇವೆರಡರ ನಡುವೆ ಈ ವಸ್ತು ಎಷ್ಟು ಕಾಯುತ್ತದೆ ಎಂಬುದರ ಮೇಲೆ ಅದಕ್ಕೆ ಅಂಕ ಕೊಡುತ್ತಾರೆ.

ಅಂಕಿಪಟ್ಟಿಯಲ್ಲಿ ಪ್ರತಿಫಲನಕ್ಕೆ ಎರಡು ಕಾಲಂಗಳಿರುತ್ತವೆ, ಒಂದು ಹೊಸದಿರುವಾಗಿನದು, ಇನ್ನೊಂದು ಮೂರು ವರ್ಷ ಬಿಸಿಲು ಮಳೆಗೆ ಒಡ್ಡಿದ ಮೇಲಿನದು. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ಕೂಲ್ ರೂಫ್ ರೇಟಿಂಗ್ ಕೌನ್ಸಿಲ್ ಎಂಬ ಸಂಸ್ಥೆ ಚಾವಣಿ ವಸ್ತುಗಳನ್ನು ಬೇರೆ ಬೇರೆ ಹವೆಯ ಬಯಲುಗಳಲ್ಲಿ ಹೀಗೆ ಮೂರು ವರ್ಷ ಇಟ್ಟು ಅಳೆಯಿಸಿ, ಎರಡೂ ಅಂಕಿಗಳನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತದೆ. ನಾವು ಬದುಕುವುದು ಮೂರು ವರ್ಷದಾಚೆಯ ಮಾಡಿನ ಕೆಳಗೇ ಆದ್ದರಿಂದ ಎರಡನೆಯ ಅಂಕಿಯನ್ನೇ ನಂಬಬೇಕು. ಶಿಂಗಲ್ಸ್ ಮಟ್ಟಿಗೆ ಇದರಲ್ಲಿ ಸಮಾಧಾನದ ಸಂಗತಿಯಿದೆ. ಬೆಳ್ಳಗಿನ ಹಾಳೆ ಚಾವಣಿಗಳು ಧೂಳು ಕುಳಿತು ತಮ್ಮ ಪ್ರತಿಫಲನದಲ್ಲಿ ದೊಡ್ಡ ಪಾಲನ್ನು ಕಳೆದುಕೊಂಡರೆ, ಶಿಂಗಲ್ಸ್‌ನ ಪ್ರತಿಫಲನ ಮೊದಲೇ ಕೂರುವ ಕೊಳೆಯ ಪ್ರತಿಫಲನಕ್ಕೆ ಹತ್ತಿರವಿರುವುದರಿಂದ ಅವುಗಳಲ್ಲಿ ಕುಸಿತ ಕಡಿಮೆ. ಎಷ್ಟು ಇದ್ದರೆ ಸಾಕು ಎನ್ನುವವರಿಗೆ ಒಂದು ಮಾನದಂಡ ಬೇಕಾದರೆ, ಕ್ಯಾಲಿಫೋರ್ನಿಯಾದ ಕಟ್ಟಡ ಇಂಧನ ನಿಯಮಗಳು ತಮ್ಮ ಬಿಸಿ ವಲಯಗಳ ಮನೆಗಳ ಇಳಿಜಾರು ಮಾಡುಗಳಿಗೆ ಕೇಳುವ ಕನಿಷ್ಠ ಮಟ್ಟ ಹಳೆಯದಾದ ಮೇಲಿನ ಪ್ರತಿಫಲನ 0.20 ಮತ್ತು ಹೊರಸೂಸುವಿಕೆ 0.75, ಇಲ್ಲವೇ ಎಸ್‌ಆರ್‌ಐ 16. ನನ್ನ ದೃಷ್ಟಿಯಲ್ಲಿ ಇದು ಕೆಳಗಿನ ಮೆಟ್ಟಿಲು, ಸಾಧ್ಯವಿದ್ದವರು 0.25ಕ್ಕಿಂತ ಮೇಲಿನದನ್ನೇ ಕೇಳಬೇಕು.

ಪ್ರತಿಫಲನ ಇಷ್ಟು ಹೆಚ್ಚಿದರೆ ಮನೆಯ ತಂಪಿಗೆ ತಗಲುವ ವಿದ್ಯುತ್ತಿನಲ್ಲಿ ಎಷ್ಟು ಉಳಿಯುತ್ತದೆ? ಇದಕ್ಕೆ ಊಹೆಗಿಂತ ಅಳತೆಯನ್ನು ನಂಬುವುದು ಲೇಸು. 2000ನೇ ಇಸವಿಯಲ್ಲಿ ಫ್ಲೋರಿಡಾ ಸೋಲಾರ್ ಎನರ್ಜಿ ಸೆಂಟರ್ ಒಂದೇ ವಿನ್ಯಾಸದ ಮನೆಗಳಿಗೆ ಬೇರೆ ಬೇರೆ ಮಾಡು ಹೊದಿಸಿ, ತಂಪುಮಾಡಲು ಯಾವುದಕ್ಕೆ ಎಷ್ಟು ವಿದ್ಯುತ್ತು ಹಿಡಿಯುತ್ತದೆ ಎಂದು ಅಳೆಯಿತು. ಕಡುಬೂದಿ ಶಿಂಗಲ್ಸ್ ಹೊದಿಸಿದ ಮನೆಗೆ ಹೋಲಿಸಿದರೆ ಬಿಳಿ ಶಿಂಗಲ್ಸ್ ಮನೆಯಲ್ಲಿ ಉಳಿದದ್ದು ಸುಮಾರು ಶೇಕಡ 4 ಮಾತ್ರ; ಬಿಳಿ ಹೆಂಚು ಮತ್ತು ಬಿಳಿ ಲೋಹದ ಮಾಡುಗಳಲ್ಲಿ ಉಳಿತಾಯ ಸರಿಸುಮಾರು ಐದನೇ ಒಂದು ಪಾಲನ್ನು ಮುಟ್ಟಿತು. ಈ ಫಲಿತಾಂಶ ಎರಡು ಮಾತು ಹೇಳುತ್ತದೆ. ಶಿಂಗಲ್ಸ್ ಒಳಗೇ ಬಣ್ಣ ಬದಲಿಸಿ ಪಡೆಯುವ ಲಾಭಕ್ಕೆ ಒಂದು ಮಿತಿಯಿದೆ; ಆ ಮಿತಿಯನ್ನು ದಾಟುವ ಆಸೆಯಿದ್ದರೆ ಬಣ್ಣದ ಹಲಗೆಯನ್ನು ಬದಿಗಿಟ್ಟು ವಸ್ತುವನ್ನೇ ಬದಲಿಸುವ ಯೋಚನೆ ಮಾಡಬೇಕು. ಮನೆಯ ಪಕ್ಕಾಸು ರಚನೆ, ನೆರೆಹೊರೆಯ ಕಟ್ಟುಪಾಡು, ಕೈಯಲ್ಲಿರುವ ಹಣ, ಯಾವುದೋ ಒಂದು ಕಾರಣಕ್ಕೆ ಶಿಂಗಲ್ಸ್ ಎಂದೇ ತೀರ್ಮಾನವಾಗಿದ್ದರೆ, ಸಿಗುವ ಆ ಲಾಭವನ್ನು ಕೈಬಿಡಲು ಕಾರಣವಿಲ್ಲ. ಹೇಗಿದ್ದರೂ ಮಾಡು ಹೊದಿಸಬೇಕಾಗಿದೆ, ಯಾವುದೋ ಒಂದು ಬಣ್ಣ ಬರಲೇಬೇಕು. ಬರುವ ಬಣ್ಣ ಕಡಿಮೆ ಕಾಯುವುದಾಗಿರಲಿ.

ಆದರೆ ಈ ಲಾಭ ಎಲ್ಲ ಮನೆಗೂ ಒಂದೇ ಅಲ್ಲ, ಮತ್ತು ಇದನ್ನು ಅರಿಯದೆ ಬಣ್ಣದ ಬಗ್ಗೆ ಎಷ್ಟು ಚರ್ಚಿಸಿದರೂ ವ್ಯರ್ಥ. ಒಳಚಾವಣಿಯ ಮೇಲೆ ಉಷ್ಣ ನಿರೋಧಕ ಪದರ ಇದೆಯೇ, ಇದ್ದರೆ ಎಷ್ಟು ದಪ್ಪವಿದೆ ಎಂಬುದು ನಿರ್ಣಾಯಕ. ಬಣ್ಣ ಬದಲಿಸಿದ್ದರಿಂದ ಅಟ್ಟದ ಉಷ್ಣತೆ ಹತ್ತು ಡಿಗ್ರಿ ಇಳಿಯಿತು ಎಂದುಕೊಳ್ಳೋಣ. ನೂರು ಚದರ ಮೀಟರಿನ ಒಳಚಾವಣಿ ಬರೀ ತೆಳು ಹಲಗೆಯದಾಗಿದ್ದರೆ, ಆ ಇಳಿಕೆಯಿಂದ ಕೋಣೆಗಳಿಗೆ ಇಳಿಯುವ ಶಾಖದಲ್ಲಿ 2000 ವ್ಯಾಟ್‌ಗೂ ಹೆಚ್ಚು ಕಡಿಮೆಯಾಗುತ್ತದೆ. ಅದೇ ಒಳಚಾವಣಿಯ ಮೇಲೆ ಒಳ್ಳೆಯ ದಪ್ಪದ ಖನಿಜ ಉಣ್ಣೆಯೋ ಗಾಜಿನ ಉಣ್ಣೆಯೋ ಹಾಸಿದ್ದರೆ ವ್ಯತ್ಯಾಸ 200 ವ್ಯಾಟ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮೊದಲ ಮನೆಗೆ ಬಣ್ಣ ದೊಡ್ಡ ವಿಷಯ, ಎರಡನೆಯದಕ್ಕೆ ಸಣ್ಣ ವಿಷಯ. ನಿರೋಧಕವಿಲ್ಲದ ಮನೆಯವರು ಬಣ್ಣದ ಜೊತೆಗೆ, ಸಾಧ್ಯವಾದರೆ ಬಣ್ಣಕ್ಕಿಂತ ಮೊದಲು, ಆ ಪದರದ ಬಗ್ಗೆ ಯೋಚಿಸಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ತಂಪುಗಾಳಿಯ ಕೊಳವೆಗಳು ಅಟ್ಟದಲ್ಲೇ ಹಾದುಹೋಗಿರುವ ಮನೆಗಳದ್ದು ಬೇರೆ ಮಾತು. ಅಲ್ಲಿ ಒಳಚಾವಣಿಯ ಪದರ ಎಷ್ಟೇ ದಪ್ಪವಿದ್ದರೂ ಕೊಳವೆಗಳು ಕಾದ ಅಟ್ಟದ ನಡುವೆಯೇ ಇರುವುದರಿಂದ ಮಾಡಿನ ಬಣ್ಣ ಮತ್ತೆ ಮಹತ್ವ ಪಡೆಯುತ್ತದೆ.

ಅಟ್ಟಕ್ಕೆ ಗಾಳಿಕಿಂಡಿ ಇಟ್ಟರೆ ಬಣ್ಣ ಯಾವುದಾದರೇನು ಎಂಬ ವಾದವನ್ನು ಗುತ್ತಿಗೆದಾರರ ಬಾಯಲ್ಲಿ ಆಗಾಗ ಕೇಳುತ್ತೇವೆ. ಸೂರಿನಡಿಯಿಂದ ಗಾಳಿ ಒಳಬಂದು ನೆತ್ತಿಯ ಏಣಿನಿಂದ ಹೊರಹೋಗುವಂತೆ ಕಿಂಡಿಗಳಿರಬೇಕು, ಅವುಗಳ ಒಟ್ಟು ತೆರಪು ಅಟ್ಟದ ನೆಲದ 150ರಲ್ಲಿ ಅಥವಾ 300ರಲ್ಲಿ ಒಂದು ಪಾಲಿರಬೇಕು ಎಂಬುದು ರೂಢಿಯಲ್ಲಿರುವ ನಿಯಮ, ಮತ್ತು ತೇವ ಕಟ್ಟದಿರಲು ಅದು ಒಳ್ಳೆಯದೇ. ಆದರೆ ಶಿಂಗಲ್‌ನ ಉಷ್ಣತೆಯನ್ನು ತಗ್ಗಿಸುವುದರಲ್ಲಿ ಬಣ್ಣಕ್ಕಿರುವಷ್ಟು ಬಲ ಗಾಳಿಕಿಂಡಿಗಿಲ್ಲ. ಕಾದ ಹಲಗೆ ಕೆಳಕ್ಕೆ ಶಾಖ ಕಳಿಸುವುದು ಬಹುಪಾಲು ವಿಕಿರಣದ ಮೂಲಕ, ಅದನ್ನು ಹಾದುಹೋಗುವ ಗಾಳಿ ತಡೆಯಲಾರದು. ತಡೆಯಬಲ್ಲದ್ದು ಪಕ್ಕಾಸುಗಳ ಕೆಳಮೈಗೆ ಹೊಳೆಯುವ ಮೈ ಅಟ್ಟದ ಕಡೆಗಿರುವಂತೆ ಬಡಿಯುವ ಅಲ್ಯುಮಿನಿಯಂ ಹಾಳೆ. ಕಡುಬಣ್ಣವನ್ನೇ ಹೊದಿಸಬೇಕಾದ ಅನಿವಾರ್ಯತೆ ಇರುವವರು ಈ ಹಾಳೆಯನ್ನು ಖಂಡಿತ ಗಮನಿಸಬೇಕು.

ಶಿಂಗಲ್‌ನ ಆಯುಷ್ಯದ ಮಾತೂ ಇದೆ. ಶಾಖ ಹೆಚ್ಚಿದಷ್ಟೂ ಡಾಂಬರಿನೊಳಗಿನ ಹಗುರ ಎಣ್ಣೆಯಂಶ ಬೇಗ ಆರಿ ಅದು ಗಡುಸಾಗುತ್ತದೆ, ಗಡುಸಾದದ್ದು ಬಿರುಕು ಬಿಡುತ್ತದೆ, ಹರಳುಗಳನ್ನು ಹಿಡಿದುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಕಡಿಮೆ ಕಾಯುವ ಬಣ್ಣ ಈ ಓಟವನ್ನು ನಿಧಾನಿಸುತ್ತದೆ. ಇದನ್ನು ವರ್ಷಗಳ ಲೆಕ್ಕದಲ್ಲಿ ಹೇಳುವ ಮಾರಾಟಗಾರರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ, ಏಕೆಂದರೆ ತಯಾರಿಕೆಯ ಗುಣಮಟ್ಟ, ಮೊಳೆ ಹೊಡೆದ ರೀತಿ, ಮಾಡಿನ ಇಳಿಜಾರು ಇವೆಲ್ಲ ಆಯುಷ್ಯವನ್ನು ನಿರ್ಧರಿಸುವುದರಲ್ಲಿ ಬಣ್ಣದಷ್ಟೇ ಅಥವಾ ಬಣ್ಣಕ್ಕಿಂತ ಹೆಚ್ಚು ಪಾಲು ಪಡೆದಿವೆ.

ಬಿಸಿ ಹವೆ ಎಂದಾಗ ಎಲ್ಲ ಕಡೆಯೂ ಒಂದೇ ಹವೆಯಲ್ಲ. ಒಣ ಬಿಸಿಲಿನ ಕಡೆ ಹಗುರ ಬಣ್ಣದ ಶತ್ರು ಧೂಳು. ತೇವ ತುಂಬಿದ ಬಿಸಿಲಿನ ಕಡೆ ಶತ್ರು ಬೇರೆ: ಗ್ಲಿಯೋಕ್ಯಾಪ್ಸಾ ಮ್ಯಾಗ್ಮಾ ಎಂಬ ನೀಲಿಹಸಿರು ಪಾಚಿಯಂಥ ಸೂಕ್ಷ್ಮಜೀವಿ ಶಿಂಗಲ್ಸ್ ಮೇಲೆ ನೆಲೆಯೂರಿ, ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಕಡುಬಣ್ಣದ ಹೊದಿಕೆ ಬೆಳೆಸಿಕೊಂಡು, ನೆತ್ತಿಯಿಂದ ಸೂರಿನವರೆಗೆ ಕಪ್ಪು ಗೆರೆಗಳಾಗಿ ಇಳಿಯುತ್ತದೆ. ಕಪ್ಪು ಮಾಡಿನ ಮೇಲೆ ಇದು ಕಾಣಿಸುವುದೇ ಇಲ್ಲ, ಬಿಳಿಯ ಮೇಲೆ ಕಣ್ಣಿಗೆ ರಾಚುತ್ತದೆ, ಜೊತೆಗೆ ಹಣ ಕೊಟ್ಟು ಪಡೆದ ಪ್ರತಿಫಲನವನ್ನೂ ತಿಂದುಹಾಕುತ್ತದೆ. ತಾಮ್ರದ ಅಂಶವಿರುವ ಹರಳುಗಳನ್ನು ಬೆರೆಸಿದ ಶಿಂಗಲ್ಸ್ ಇದಕ್ಕೆ ಉತ್ತರ. ಮಳೆನೀರಿಗೆ ಅಲ್ಪಸ್ವಲ್ಪವಾಗಿ ಕರಗುವ ತಾಮ್ರ ಈ ಜೀವಿಯನ್ನು ಬೆಳೆಯಲು ಬಿಡುವುದಿಲ್ಲ. ನೆತ್ತಿಯ ಏಣಿಗೆ ಸತು ಅಥವಾ ತಾಮ್ರದ ಪಟ್ಟಿ ಕೂರಿಸುವುದೂ ಇದೇ ತತ್ವದ ಮೇಲೆ. ತೇವದ ಹವೆಯಲ್ಲಿ ಹಗುರ ಬಣ್ಣ ಆರಿಸುವವರು ಪಾಚಿ ನಿರೋಧಕ ಗುಣವಿದೆಯೇ ಎಂದು ಕೇಳದೆ ಕೊಳ್ಳಬಾರದು. ಒತ್ತಡದ ನೀರು ಹಾಯಿಸಿ ತೊಳೆಯುತ್ತೇವೆ ಎನ್ನುವವರಿಗೆ ಮಾಡಿನ ಮೇಲೆ ಹತ್ತಲು ಬಿಡಲೂಬಾರದು, ಏಕೆಂದರೆ ಕೊಳೆಯ ಜೊತೆ ಹರಳುಗಳೂ ಹೋಗುತ್ತವೆ.

ಹಳೆಯ ಕಡುಬಣ್ಣದ ಶಿಂಗಲ್ಸ್ ಮೇಲೆ ಬಿಳಿ ಲೇಪ ಬಳಿದರೆ ಸಾಲದೇ ಎಂಬ ಯೋಚನೆ ನನಗೂ ಬಂದಿತ್ತು. ಒಂದರ ಮೇಲೊಂದು ಹೊದಿಸಿದ ಅಂಚುಗಳ ಸಂದನ್ನು ಲೇಪ ಮುಚ್ಚಿದರೆ ನೀರು ಅಲ್ಲೇ ನಿಲ್ಲಬಹುದು, ಶಿಂಗಲ್ ಮುರುಟಬಹುದು, ತಯಾರಕರ ಖಾತರಿಯೂ ಕೈತಪ್ಪಬಹುದು. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಚಳಿಗಾಲದಲ್ಲಿ ಹಗುರ ಬಣ್ಣದ ಮಾಡು ಬೇಕಾದ ಬೆಚ್ಚನೆಯ ಬಿಸಿಲನ್ನೂ ಹಿಂದಿರುಗಿಸಿಬಿಡುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಚಳಿಗಾಲದ ಸೂರ್ಯ ತಗ್ಗಿನಲ್ಲಿ ಸಾಗುತ್ತಾನೆ, ಹಗಲು ಗಿಡ್ಡ. ಹಾಗಾಗಿ ಆಗ ಮಾಡಿನ ಮೇಲೆ ಬೀಳುವ ಬಿಸಿಲೇ ಕಡಿಮೆ. ಬಿಸಿ ಸೀಮೆಯಲ್ಲಿ ಈ ನಷ್ಟ ಬೇಸಿಗೆಯ ಲಾಭದ ಮುಂದೆ ನಿಲ್ಲುವುದಿಲ್ಲ. ದೀರ್ಘ ಚಳಿಗಾಲದ ಕಡೆ ಲೆಕ್ಕ ಬೇರೆಯಾಗುತ್ತದೆ, ಅದು ಈ ಬರಹದ ವಿಷಯವಲ್ಲ.

ಇಷ್ಟೆಲ್ಲ ಅಂಕಿಗಳ ನಂತರವೂ ಮಾಡು ದಿನವೂ ಕಣ್ಣಿಗೆ ಬೀಳುವ ವಸ್ತು ಎಂಬುದನ್ನು ಮರೆಯಲಾಗದು. ಅಂಕಿಗಳಿಂದ ಆಯ್ಕೆಯನ್ನು ನಾಲ್ಕೈದಕ್ಕೆ ಇಳಿಸಿಕೊಂಡ ಮೇಲೆ ನಾನು ಅಂಗೈಯಗಲದ ತುಂಡುಗಳನ್ನು ಬದಿಗಿಟ್ಟು ಪೂರ್ತಿ ಶಿಂಗಲ್‌ಗಳನ್ನೇ ತರಿಸಿಕೊಂಡೆ. ಈಗಿನ ಪದರಪದರದ ಶಿಂಗಲ್ಸ್‌ನಲ್ಲಿ ಒಂದು ಬಣ್ಣ ಎನ್ನುವುದು ನಿಜವಾಗಿ ಹಲವು ಬಣ್ಣದ ಹರಳುಗಳ ಮಿಶ್ರಣ, ಅದರ ಮೇಲೆ ನೆರಳಿನಂತೆ ಕಾಣಲೆಂದು ಸೇರಿಸಿದ ಕಪ್ಪು ಪಟ್ಟಿಗಳು ಬೇರೆ. ಸಣ್ಣ ತುಂಡಿನಲ್ಲಿ ಈ ಮಿಶ್ರಣದ ಒಂದು ಮೂಲೆ ಮಾತ್ರ ಸಿಕ್ಕಿರುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಅವನ್ನು ಸಾಲಾಗಿ ಜೋಡಿಸಿ, ಮಾಡಿನಷ್ಟೇ ಇಳಿಜಾರಿನಲ್ಲಿ ಬಿಸಿಲಿಗೆ ಒರಗಿಸಿ, ಬೆಳಿಗ್ಗೆ, ನಡುಹಗಲು, ಸಂಜೆ, ನೀರು ಚಿಮುಕಿಸಿ ಒದ್ದೆಯಾಗಿರುವಾಗ, ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ದೂರ ನಿಂತು ನೋಡಿದೆ. ಒಳಗಿನ ದೀಪದಲ್ಲಿ ಗಂಭೀರವಾಗಿ ಕಂಡ ಬೂದಿಯೊಂದು ಹೊರಗೆ ನೀಲಿಗೆ ತಿರುಗಿತು, ಮಂಕೆನಿಸಿದ್ದ ಮರಳುಗಂದು ಬಿಸಿಲಿನಲ್ಲಿ ಗೋಡೆಯ ಬಣ್ಣಕ್ಕೆ ಹೊಂದಿಕೊಂಡಿತು. ಅದೇ ಹಲಗೆಯ ಮೇಲೆ ನಡುಹಗಲಿನಲ್ಲಿ ಇನ್ಫ್ರಾರೆಡ್ ಉಷ್ಣಮಾಪಕ ಹಿಡಿದೂ ನೋಡಿದೆ. ಎಲ್ಲ ಶಿಂಗಲ್‌ಗಳ ಹೊರಸೂಸುವಿಕೆ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಒಂದೇ ಹಲಗೆ, ಒಂದೇ ಕೋನ, ಒಂದೇ ಹೊತ್ತು ಎಂಬ ಷರತ್ತು ಪಾಲಿಸಿದರೆ ಈ ಸಣ್ಣ ಉಪಕರಣ ನಂಬುವಂಥ ಹೋಲಿಕೆಯನ್ನೇ ಕೊಡುತ್ತದೆ. ಅಂಕಿಪಟ್ಟಿ ಯಾವ ಕ್ರಮ ಹೇಳಿತ್ತೋ ಅದೇ ಕ್ರಮದಲ್ಲಿ ಶಿಂಗಲ್‌ಗಳು ಕಾದಿದ್ದವು, ನೋಟದ ಕ್ರಮದಲ್ಲಲ್ಲ. ಕಣ್ಣಿಗೆ ಹಗುರವಾಗಿದ್ದ ಒಂದು ಸಾಮಾನ್ಯ ಬೂದಿಗಿಂತ ಅದಕ್ಕಿಂತ ಕಡುವಾದ ಕೂಲ್ ಕಂದು ಕಡಿಮೆ ಕಾದಿತ್ತು. ಓದಿ ತಿಳಿದಿದ್ದರೂ ಅದನ್ನು ಕಣ್ಣಾರೆ ನೋಡಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ನೆರೆಮನೆಯ ಮಹಡಿಯ ಕಿಟಕಿಗಳ ಬಗ್ಗೆಯೂ ಯೋಚಿಸಿದೆ. ಸಮತಟ್ಟಾದ ಚಾವಣಿ ಬೆಳಕನ್ನು ಮೇಲಕ್ಕೆ ಕಳಿಸಿದರೆ, ಇಳಿಜಾರು ಮಾಡು ಅದನ್ನು ಎದುರಿನ ಮನೆಯತ್ತ ಕಳಿಸಬಹುದು. ಹರಳುಗಳ ಒರಟು ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಶಿಂಗಲ್ಸ್‌ನಲ್ಲಿ ಕಣ್ಣು ಕೋರೈಸುವ ತೊಂದರೆ ಲೋಹದ ಮಾಡಿನಷ್ಟು ಇಲ್ಲ. ಕೂಲ್ ಶಿಂಗಲ್ಸ್‌ನಲ್ಲಂತೂ ಹಿಂದಿರುಗುವ ಬಿಸಿಲಿನ ಬಹುಪಾಲು ಕಾಣದ ಕಿರಣಗಳೇ ಆಗಿರುವುದರಿಂದ ನೆರೆಯವರ ಕಣ್ಣಿಗೆ ಏನೂ ತೋರುವುದಿಲ್ಲ. ಮಾಡಿನ ದೊಡ್ಡ ಪಾಲು ಮರದ ನೆರಳಿನಲ್ಲಿದ್ದರೆ, ಅಥವಾ ಸೌರಫಲಕಗಳಿಂದ ಮುಚ್ಚಿಹೋಗಲಿದ್ದರೆ, ಆ ಭಾಗಕ್ಕೆ ಬಣ್ಣ ಯಾವುದಾದರೂ ಹೆಚ್ಚು ವ್ಯತ್ಯಾಸವಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಗೆ ನಾನು ಆರಿಸಿದ್ದು ಬಿಳಿಯನ್ನಲ್ಲ. ನನ್ನ ಅಟ್ಟದ ನಿರೋಧಕ ಪದರ ತೆಳುವಾಗಿತ್ತು, ಹಾಗಾಗಿ ಬಣ್ಣ ನನಗೆ ದೊಡ್ಡ ವಿಷಯವೇ ಆಗಿತ್ತು. ಆದರೆ ಸಾಮಾನ್ಯ ಬಿಳಿಗಿಂತ ಹೆಚ್ಚು ಹಿಂದಿರುಗಿಸುವ, ಮೂರು ವರ್ಷದ ನಂತರದ ಅಂಕಿಯೂ 0.25ಕ್ಕಿಂತ ಮೇಲಿರುವ, ಪಾಚಿ ನಿರೋಧಕ ಹರಳುಗಳಿರುವ ಒಂದು ಮರಳುಗಂದು ಕೂಲ್ ಶಿಂಗಲ್ ಸಿಕ್ಕಾಗ ಬಿಳಿಗೆ ಅಂಟಿಕೊಳ್ಳಲು ಕಾರಣ ಉಳಿಯಲಿಲ್ಲ. ಇನ್ನೂ ಹೆಚ್ಚು ಪ್ರತಿಫಲನದ ಒಂದು ತಿಳಿಬೂದಿ ಇತ್ತು; ಅದಕ್ಕೂ ಇದಕ್ಕೂ ಇದ್ದ ಬೆಲೆಯ ಅಂತರವನ್ನು ನಿರೋಧಕ ಪದರವನ್ನು ದಪ್ಪ ಮಾಡಿಸಲು ಬಳಸಿದೆ, ಆ ಹಣ ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ.

ಆರ್ಡರ್ ಕೊಡುವಾಗ ಗಮನಿಸಬೇಕಾದದ್ದು ಇನ್ನೆರಡಿವೆ. ಒಂದೇ ಹೆಸರಿನ ಬಣ್ಣದಲ್ಲಿ ಸಾಮಾನ್ಯ ಶಿಂಗಲ್ ಮತ್ತು ಕೂಲ್ ಶಿಂಗಲ್ ಎರಡೂ ಇರಬಹುದು, ಆದ್ದರಿಂದ ಬಣ್ಣದ ಹೆಸರಿನ ಜೊತೆ ಉತ್ಪನ್ನದ ಪೂರ್ತಿ ಹೆಸರನ್ನೂ ಪ್ರತಿಫಲನದ ಅಂಕಿಯನ್ನೂ ಒಪ್ಪಂದದ ಕಾಗದದಲ್ಲೇ ಬರೆಸಬೇಕು, ಕಟ್ಟುಗಳು ಮನೆಗೆ ಬಂದಾಗ ಹೊದಿಕೆಯ ಮೇಲಿನ ಹೆಸರಿಗೆ ತಾಳೆ ನೋಡಬೇಕು. ಎರಡನೆಯದಾಗಿ, ಒಂದು ಬ್ಯಾಚ್‌ನಿಂದ, ಎಂದರೆ ಒಂದೇ ಸಲಕ್ಕೆ ತಯಾರಾದ ಸರಕಿನಿಂದ, ಇನ್ನೊಂದಕ್ಕೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರುವುದರಿಂದ ಎಲ್ಲ ಕಟ್ಟುಗಳೂ ಒಂದೇ ಬ್ಯಾಚ್ ಸಂಖ್ಯೆಯವೇ ಆಗಿರುವಂತೆ ಕೇಳಬೇಕು, ಹೊದಿಸುವವರು ಹಲವು ಕಟ್ಟುಗಳಿಂದ ಬೆರೆಸಿ ತೆಗೆದು ಹೊದಿಸಬೇಕು. ಒಂದು ಕಟ್ಟನ್ನು ಮುಂದಿನ ದುರಸ್ತಿಗೆಂದು ನೆರಳಿನಲ್ಲಿ ಚಪ್ಪಟೆಯಾಗಿ ಇಡುವುದು ಒಳ್ಳೆಯದು. ಕೆಲವು ವರ್ಷ ಬಿಸಿಲು ಕಂಡ ಮಾಡಿನ ಮೇಲೆ ಅದೂ ಮೊದಮೊದಲು ತೇಪೆಯಂತೆ ಎದ್ದು ಕಾಣುತ್ತದೆ, ಆದರೆ ಬೇರೆ ಬ್ಯಾಚ್‌ನದ್ದಕ್ಕಿಂತ ಬೇಗ ಸುತ್ತಲಿನದಕ್ಕೆ ಹೊಂದಿಕೊಳ್ಳುತ್ತದೆ.